ಇಸ್ತ್ರಿ ಮೇಜಿನ ತಾಜಾ ಸುದ್ದಿ

ತಿಪಟೂರಿನ ಒಂದು ಓಣಿಯಲ್ಲಿ ಒಬ್ಬ ಇಸ್ತ್ರಿಯವನಿದ್ದ. ಬಟ್ಟೆ ಸುತ್ತಲು ತಂದ ರದ್ದಿ ಪೇಪರನ್ನು ಓದುತ್ತ, ಇಸ್ತ್ರಿ ಉಜ್ಜುತ್ತ, ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳ ಬಗ್ಗೆ ಬಾಯಿಗೆ ಬಂದದ್ದು ಹೇಳುವುದು ಅವನ ಚಾಳಿ.

ಒಂದು ಬೆಳಿಗ್ಗೆ ವರ್ತಕರ ಸಂಘದ ಅಧ್ಯಕ್ಷ ನಂಜುಂಡಾರಾಧ್ಯರು ಕೆಂಡವಾಗಿ ಬಂದರು.

"ಡ್ರೈವರ್ ಇಲ್ಲದ ಕಾರು ಮುಂದಿನ ತಿಂಗಳು ಬರುತ್ತೆ, ಅದನ್ನ ಮಾಡೋ ಕಂಪನಿಯನ್ನ ಹಿಡಿಯೋರೇ ಇಲ್ಲ ಅಂದೆಯಲ್ಲೋ. ನಿನ್ನೆ ಭಾಷಣದಲ್ಲಿ ಅದನ್ನೇ ಹೇಳಿದೆ. ಆ ಕಂಪನಿ ಮುಚ್ಚಿ ಎರಡು ವರ್ಷ ಆಯ್ತಂತೆ. ಸಭೆಯೆಲ್ಲ ನಕ್ಕುಬಿಡ್ತು."

ಇಸ್ತ್ರಿಯವ ಮೇಜಿನ ಕೆಳಗಿನ ರಾಶಿಯಿಂದ ಆ ಹಾಳೆ ಎಳೆದು ತಾರೀಕು ನೋಡಿದ. ಅವನ ಮುಖ ಸಣ್ಣದಾಯಿತು.

"ಹಳೇ ಪೇಪರು ಸ್ವಾಮಿ. ತಪ್ಪಾಯ್ತು. ತಲೆ ಎತ್ತೋಕೆ ನಾಚಿಕೆ ಆಗ್ತಿದೆ."

"ಇಲ್ಲಿ ನಾಚಿಕೊಂಡರೆ ಸಾಲದು. ಸಂಜೆ ಸಂಘಕ್ಕೆ ಬಂದು, ಎಲ್ಲರ ಮುಂದೆ ತಪ್ಪು ನಂದು ಅಂತ ಒಪ್ಪಿಕೋ."

ಇಸ್ತ್ರಿಯವ ತಲೆ ಬಗ್ಗಿಸಿಕೊಂಡೇ ಹೇಳಿದ.

"ಬರ್ತೀನಿ ಸ್ವಾಮಿ. ಅಧ್ಯಕ್ಷರು ಇಷ್ಟು ವರ್ಷ ಮಾಡಿದ ಭಾಷಣವೆಲ್ಲ ನನ್ನ ಇಸ್ತ್ರಿ ಮೇಜಿನಿಂದ ಹೋಗಿದ್ದು, ತಪ್ಪಿದ್ದರೆ ಅದು ನಂದೇ ಅಂತ ಕೈಮುಗಿದು ಹೇಳ್ತೀನಿ."

ಅಧ್ಯಕ್ಷರು ಓಣಿಯ ಆ ಕಡೆ ಈ ಕಡೆ ನೋಡಿದರು. ಕಿವಿ ಕೆಂಪಾಯಿತು. "ಬೇಡ ಬಿಡು" ಎಂದು ಮೆಲ್ಲಗೆ ಹೇಳಿ, ಮೇಜಿನ ಮೇಲೆ ಇಸ್ತ್ರಿಯಾಗಿದ್ದ ತಮ್ಮ ಶರ್ಟನ್ನು ಕಂಕುಳಲ್ಲಿಟ್ಟುಕೊಂಡು ನಡೆದರು.

ಮರುದಿನದಿಂದ ಅವರ ಮನೆಯ ಬಟ್ಟೆಗಂಟಿನ ಮೇಲೆ ಅವತ್ತಿನದೇ ಪೇಪರು ಬರತೊಡಗಿತು, ಮಡಿಕೆ ಕೂಡ ಬಿಚ್ಚದೆ. ಸಂಜೆ ಬಟ್ಟೆ ಒಯ್ಯಲು ಅಧ್ಯಕ್ಷರೇ ಬರುತ್ತಾರೆ. ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಕೇಳುತ್ತಾರೆ:

"ಏನಪ್ಪಾ, ಇವತ್ತು ಏನು ಬಂದಿದೆ?"