ಬಿಲ್ಲೆಯಿಲ್ಲದ ಅಂಗಿ

ಹೊಳೆಯ ದಡದ ಮೈದಾನಕ್ಕೆ ಹೊಂದಿಕೊಂಡೇ ಚೌರಪ್ಪ ಮೇಷ್ಟ್ರ ಕೋಣೆ. ನಲವತ್ತು ವರ್ಷ ಫುಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗಿದ್ದವರು, ಮಂಡಿ ಸೋತ ಮೇಲೆ ಅಲ್ಲಿಯೇ ಕುಳಿತು ಬಂದವರಿಗೆ ಆ ವಿದ್ಯೆಯನ್ನು ಕಲಿಸುತ್ತಿದ್ದರು.

ಅವರಲ್ಲೊಂದು ಪದ್ಧತಿ ಇತ್ತು. ಪಂದ್ಯಕ್ಕೆ ಮುನ್ನ ಮೈ ಬಿಸಿಮಾಡಿಕೊಳ್ಳಲು ಓಡುವಾಗ ಶಿಷ್ಯರು ಬೂದುಬಣ್ಣದ ಹಳೆಯ ಅಂಗಿಯನ್ನು ತೊಡಬೇಕು. ಎದೆಯ ಮೇಲೆ ಬಿಲ್ಲೆಯಿರುವ ರೆಫರಿಯ ಕರಿ ಅಂಗಿಯೇನಿದ್ದರೂ ಆಟ ಶುರುವಾಗುವ ಹೊತ್ತಿಗೆ.

ಏಕೆಂದು ಯಾರೂ ಕೇಳಿರಲಿಲ್ಲ. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು.

ಸುನಂದಾ ಕೇಳಿದಳು.

ಮೂರು ವರ್ಷ ಅವಳು ಬೇರೆ ಊರುಗಳ ಮೈದಾನಗಳಲ್ಲಿ ಅಂಚಿನ ಗೆರೆಯುದ್ದಕ್ಕೂ ಬಾವುಟ ಹಿಡಿದು ಓಡಿದ್ದಳು. ಆ ಭಾನುವಾರ ಮೊದಲ ಬಾರಿಗೆ ಸೀಟಿ ಅವಳ ಕೈಗೆ ಬರಲಿತ್ತು. ಪಂದ್ಯವೇನೂ ಸಣ್ಣದಲ್ಲ. ಈಚೆ ದಡದ ತಂಡಕ್ಕೂ ಆಚೆ ದಡದ ತಂಡಕ್ಕೂ ಫೈನಲ್. ಹೆಂಗಸಿಗೆ ಸೀಟಿ ಕೊಡಲು ಸಮಿತಿಯವರಿಗೆ ಮನಸ್ಸಿರಲಿಲ್ಲ. ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಒಪ್ಪಿದ್ದರು. ಒಪ್ಪುತ್ತಲೇ, ಆಟ ಇವಳ ಹಿಡಿತ ತಪ್ಪಿದರೆ ಮತ್ತೆ ಬಾವುಟವೇ ಗತಿಯೆಂದು ಸೇರಿಸಿದ್ದರು.

"ಬೂದು ಅಂಗಿ ಏಕೆ ಮೇಷ್ಟ್ರೇ? ಇವತ್ತು ಓಡುವಾಗಲೂ ನಾನು ಕರಿ ಅಂಗಿಯನ್ನೇ ತೊಡುತ್ತೇನೆ," ಎಂದಳು ಸುನಂದಾ.

"ಏಕಮ್ಮ?"

"ಬೂದು ಅಂಗಿಯಲ್ಲಿ ಗಂಡಸು ಓಡಿದರೆ ರೆಫರಿ ಇರಬೇಕು ಅಂದುಕೊಳ್ಳುತ್ತಾರೆ. ನಾನು ಓಡಿದರೆ ಯಾರ ತಂಗಿ ಅಂತ ಕೇಳುತ್ತಾರೆ."

"ಕೇಳಲಿ. ನಿನಗೆ ಅಣ್ಣಂದಿರೇ ಇಲ್ಲವಲ್ಲ."

"ತಮಾಷೆ ಮಾಡಬೇಡಿ ಮೇಷ್ಟ್ರೇ. ಬಿಲ್ಲೆ ಕಂಡರೆ ಹದ್ದುಬಸ್ತಿನಲ್ಲಿರುತ್ತಾರೆ."

"ಬಿಲ್ಲೆ ಕಂಡು ಹದ್ದುಬಸ್ತಿನಲ್ಲಿರುವವನು, ನೀನು ಬೆನ್ನು ತಿರುಗಿಸಿದಾಗ ಏನು ಮಾಡುತ್ತಾನೆ?"

ಮೇಷ್ಟ್ರು ಹಗ್ಗದ ಮೇಲಿದ್ದ ಬೂದು ಅಂಗಿಯನ್ನು ತೆಗೆದು ಅವಳ ಕೈಗಿತ್ತರು.

ಅಂಜಿದ್ದೇ ಆಯಿತು. ಅವಳು ಮೈದಾನಕ್ಕೆ ಇಳಿದದ್ದೇ ತಡ, ಗೋಲಿಗೆ ಬಲೆ ಕಟ್ಟುತ್ತಿದ್ದವನು ತಿರುಗಿ ನೋಡಿದ.

"ಯಾರ ಕಡೆಯವರಮ್ಮ? ಹೆಂಗಸರಿಗೆ ಆ ಕಡೆ ಕುರ್ಚಿ ಹಾಕಿದೆ."

ನಾಲ್ಕು ಹೆಜ್ಜೆ ಮುಂದೆ ಹೋದರೆ ಆಚೆ ದಡದ ಆಟಗಾರರು. ಅವರ ನಾಯಕ ತನ್ನ ನೀರಿನ ಬಾಟಲಿಯನ್ನು ಅವಳತ್ತ ಚಾಚಿದ.

"ಅಕ್ಕಾ, ಬೂಟಿನ ದಾರ ಕಟ್ಟಿಕೊಳ್ಳಬೇಕು. ಒಂದು ನಿಮಿಷ ಹಿಡಿದಿರಿ."

ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಅವಳು ಹಿಡಿದಳು. ನಾಯಕ ಬಗ್ಗಿ ದಾರ ಬಿಗಿಯುತ್ತ, ಪಕ್ಕದಲ್ಲಿದ್ದ ಕುಳ್ಳ ಆಟಗಾರನಿಗೆ ಹೇಳಿದ:

"ಮಲ್ಲೂ, ಇವತ್ತು ರೆಫರಿ ಹೆಂಗಸಂತೆ ಕಣೋ. ಗೋಲಿನ ಹತ್ತಿರ ಹೋದ ಕೂಡಲೇ ಬಿದ್ದುಬಿಡು. ಅಯ್ಯೋ ಅಂದರೆ ಸಾಕು, ಕರುಳು ಕರಗಿ ಪೆನಾಲ್ಟಿ ಕೊಡುತ್ತಾಳೆ."

"ಬೀಳೋದರಲ್ಲಿ ನನಗೆ ಪಾಠ ಹೇಳಬೇಡಣ್ಣ," ಎಂದ ಮಲ್ಲು.

ನಾಯಕ ಎದ್ದು ಬಾಟಲಿಯನ್ನು ಮರಳಿ ಪಡೆದ. "ಪುಣ್ಯ ಬರಲಿ ಅಕ್ಕಾ," ಎಂದು ಹೋದ.

ಸುನಂದಾ ನೆಟ್ಟಗೆ ಮೇಷ್ಟ್ರ ಬಳಿಗೆ ಬಂದಳು. ಅವಳ ಮುಖ ಅರಳಿತ್ತು.

"ಈಗ ತಿಳಿಯಿತು ಮೇಷ್ಟ್ರೇ. ಬಿಲ್ಲೆಯಿದ್ದರೆ ಅವರು ನಮ್ಮನ್ನು ನೋಡಿಕೊಂಡು ನಡೆಯುತ್ತಾರೆ. ಬಿಲ್ಲೆಯಿಲ್ಲದಿದ್ದರೆ ಅವರು ಇರುವ ಹಾಗೆಯೇ ನಮಗೆ ಕಾಣುತ್ತಾರೆ. ಬೂದು ಅಂಗಿ ಅದಕ್ಕೇ ಅಲ್ಲವೇ?"

"ಏನು ಕಂಡೆ?"

ಅವಳು ಕೇಳಿದ್ದನ್ನೆಲ್ಲ ಹೇಳಿದಳು. "ಇನ್ನು ಆ ಮಲ್ಲು ಬಿದ್ದು ಹೊರಳಾಡಲಿ, ಮಣ್ಣು ಮುಕ್ಕಲಿ. ಪೆನಾಲ್ಟಿ ಮಾತ್ರ ಸಿಗುವುದಿಲ್ಲ."

ಮೇಷ್ಟ್ರು ಕೈಚಾಚಿ, ಅವಳ ಅಂಗಿಯ ತೋಳಿನ ಅಂಚನ್ನು ಎರಡು ಬೆರಳುಗಳ ನಡುವೆ ಹಿಡಿದು ಉಜ್ಜಿ ನೋಡಿದರು.

"ಹನಿ ಬೆವರೂ ಇಲ್ಲ," ಎಂದರು. "ಇದನ್ನು ನಾನು ಓಡಲು ಕೊಟ್ಟಿದ್ದೆ."

"ಅವರಾಡಿದ ಮಾತು, ಮೇಷ್ಟ್ರೇ..."

"ಆಟ ಇನ್ನೂ ಶುರುವಾಗಿಲ್ಲ, ನೀನು ತೀರ್ಪು ಕೊಟ್ಟಾಗಿದೆ. ಇನ್ನು ಒಳಗೆ ಹೋಗಿ ಮಾಡುವುದೇನಿದೆ?"

ಸುನಂದಾಳ ಮುಖ ಬಾಡಿತು. ಕೇಳಿದಳು: "ಕಿವಿಗೆ ಬಿದ್ದದ್ದನ್ನು ಬಿದ್ದಿಲ್ಲ ಅಂದುಕೊಳ್ಳುವುದು ಹೇಗೆ?"

"ಇಪ್ಪತ್ತು ನಿಮಿಷವಿದೆ. ಓಡು."

ಅವಳು ಓಡಿದಳು. ಮೊದಲ ಸುತ್ತಿನಲ್ಲಿ ನಾಯಕನ ಮಾತು ಜೊತೆಗೇ ಓಡಿಬಂತು. ಎರಡನೆಯದರಲ್ಲಿ ಅದಕ್ಕೆ ಕೊಡಬಹುದಾಗಿದ್ದ ಉತ್ತರಗಳು ಒಂದೊಂದಾಗಿ ಬಂದವು. ಒಂದಕ್ಕಿಂತ ಒಂದು ಚುರುಕಾಗಿದ್ದವು. ಮೂರನೆಯದರಲ್ಲಿ ಅವೂ ಹಿಂದೆ ಬಿದ್ದವು. ಆಮೇಲೆ ಉಸಿರಿತ್ತು, ಕಾಲಡಿಯ ಹುಲ್ಲಿತ್ತು. ಮೇಷ್ಟ್ರು ಕೈಬೀಸಿ ಕರೆದಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅವಳು ಮುಖ ತೊಳೆದು, ಕರಿ ಅಂಗಿ ತೊಟ್ಟು, ಸೀಟಿ ಹಿಡಿದು ಹೊರಗೆ ಬಂದಳು.

ಅವಳನ್ನು ಕಂಡು ಆಚೆ ದಡದ ನಾಯಕ ನಾಲಗೆ ಕಚ್ಚಿಕೊಂಡ.

ಆಟದ ಆರನೆಯ ನಿಮಿಷ. ಮಲ್ಲು ಚೆಂಡಿನೊಡನೆ ಗೋಲಿನ ಸಮೀಪಕ್ಕೆ ನುಗ್ಗಿದ. ಈಚೆ ದಡದ ರಕ್ಷಕನೊಬ್ಬ ಅಡ್ಡ ಬಂದ. ಮಲ್ಲು ನೆಲಕ್ಕೆ ಬಿದ್ದು ಮೊಣಕಾಲು ಹಿಡಿದುಕೊಂಡು ಅಯ್ಯೋ ಎಂದ. ಹೇಳಿಕೊಟ್ಟ ಹಾಗೆಯೇ ಇತ್ತು.

"ನಾಟಕ, ನಾಟಕ," ಎಂದರು ಸುತ್ತ ನೆರೆದ ಜನ.

ಸೀಟಿ ಮೊಳಗಿತು. ಸುನಂದಾ ಪೆನಾಲ್ಟಿಯ ಗುರುತಿನತ್ತ ಕೈತೋರಿದಳು.

ಜನ ಎದ್ದುನಿಂತರು. ಸಮಿತಿಯ ಅಧ್ಯಕ್ಷರೂ ಕುರ್ಚಿ ಬಿಟ್ಟೆದ್ದರು. ರಕ್ಷಕ ಎದುರು ಬಂದು ಎದೆಯೊಡ್ಡಿ ನಿಂತ.

"ಅವನು ಬೇಕೆಂದೇ ಬಿದ್ದ, ಮೇಡಂ. ಅವನ ಕಸುಬೇ ಅದು. ಊರಿಗೆಲ್ಲ ಗೊತ್ತು."

"ಅವನ ಕಸುಬು ನನಗೆ ಬೇಡ," ಎಂದಳು ಅವಳು. "ಚೆಂಡು ಮುಂದೆ ಹೋಗಿತ್ತು. ನಿಮ್ಮ ಬೂಟು ಅವನ ಮೊಣಕಾಲಿಗೆ ಬಡಿಯಿತು. ಹೌದೋ ಅಲ್ಲವೋ?"

ರಕ್ಷಕ ಅವಳ ಮುಖ ನೋಡಿದ. ಅಲ್ಲವೆನ್ನಲು ಬಾಯಿ ತೆರೆದವನು, ತಲೆ ತಗ್ಗಿಸಿ ಹಿಂದಕ್ಕೆ ಸರಿದ. ಅವನು ಸರಿದದ್ದನ್ನು ಕಂಡು ಜನವೂ ಕುಳಿತರು.

ಆಟದ ಕೊನೆಯಲ್ಲಿ ಮಲ್ಲು ಇನ್ನೊಮ್ಮೆ ಬಿದ್ದ. ಅಕ್ಕಪಕ್ಕ ನರಪಿಳ್ಳೆಯೂ ಇರಲಿಲ್ಲ.

"ಏಳಪ್ಪ," ಎಂದಳು ಸುನಂದಾ ಅವನ ಪಕ್ಕದಲ್ಲೇ ಓಡುತ್ತ. "ಚೆಂಡು ಆ ಕಡೆ ಹೋಯಿತು."

ಎರಡೂ ದಡದವರು ನಕ್ಕರು. ಮಲ್ಲು ತಾನೂ ನಗುತ್ತ ಎದ್ದ.

ಪಂದ್ಯ ಗಲಾಟೆಯಿಲ್ಲದೆ ಮುಗಿಯಿತು. ಅಧ್ಯಕ್ಷರು ಹೊರಡುವ ಮುನ್ನ ಮುಂದಿನ ಪಂದ್ಯದ ದಿನವನ್ನು ಮೇಷ್ಟ್ರಿಗೆ ಹೇಳಲಿಲ್ಲ, ಸುನಂದಾಳಿಗೇ ಹೇಳಿದರು.

ಮೈದಾನ ಬರಿದಾದ ಮೇಲೆ ಅವಳು ಕೋಣೆಗೆ ಬಂದಳು. ಮೇಷ್ಟ್ರು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಒಂದು ಸಂದೇಹ ಮೇಷ್ಟ್ರೇ. ಕರಿ ಅಂಗಿಯಲ್ಲಿ ಹೋಗಿದ್ದರೆ ಆ ಮಾತು ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಬೀಳದಿದ್ದರೆ ಅದನ್ನು ಕಳೆದುಕೊಳ್ಳಲು ಅಷ್ಟು ಓಡಬೇಕಾಗಿಯೂ ಇರಲಿಲ್ಲ. ಹಾಗಾದರೆ ಆಟಕ್ಕೆ ಮೊದಲು ತೊಡಬೇಕಾದದ್ದು ಯಾವುದು?"

ಮೇಷ್ಟ್ರು ಎಣ್ಣೆಯ ಬಟ್ಟಲನ್ನು ಬದಿಗಿಟ್ಟರು.

"ಪೆನಾಲ್ಟಿ ಕೊಟ್ಟೆಯಲ್ಲ, ಆ ಗಳಿಗೆಯಲ್ಲಿ ನಿನ್ನ ಎದೆಯ ಮೇಲೆ ಬಿಲ್ಲೆ ಇತ್ತೇ?"

ಸುನಂದಾ ಯೋಚಿಸಿದಳು. ಬೂಟು ನೆನಪಿತ್ತು, ಮೊಣಕಾಲು ನೆನಪಿತ್ತು, ಎದ್ದ ಧೂಳೂ ನೆನಪಿತ್ತು.

"ಇದ್ದಿರಬೇಕು ಮೇಷ್ಟ್ರೇ. ನನಗೆ ಗಮನವಿರಲಿಲ್ಲ."

ಮೇಷ್ಟ್ರು ಹೇಳಿದರು: "ಹಾಗಾದರೆ ಇನ್ನು ಮೇಲೆ ನಿನಗೆ ಬೇಕಾದದ್ದನ್ನು ತೊಡಮ್ಮ."