ಸಾವ್ಕಾರ್ರ ಪಿಸ್ತೂಲು

ಕೈಲ್‌ಪೊಳ್ದ್ ಎಂಬ ಕೊಡಗಿನ ಆಯುಧಪೂಜೆ ಹಬ್ಬದ ಊಟದಲ್ಲಿ ಮಂದಣ್ಣ ಸಾವ್ಕಾರ್ರು ನೆಂಟರಿಗೆ ಪಂದಿಕರಿ ಬಡಿಸುತ್ತಾ, "ಈ ಹಂದೀನ ಬೆಳಿಗ್ಗೆ ಇದೇ ಪಿಸ್ತೂಲಲ್ಲಿ ಹೊಡೆದೆ. ಕಳ್ಳರಿಗೂ ಇದೇ, ಪಂದ್ಯಕ್ಕೂ ಇದೇ," ಅಂದರು.

ಮಧ್ಯಾಹ್ನದ ಪಂದ್ಯದಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಅವರ ಒಂದು ಗುಂಡೂ ತಾಗಲಿಲ್ಲ. ನಾಚಿಕೆ ತಡೆಯಲಾರದೆ ಅಡುಗೆಯವಳ ಮೇಲೆ ತಿರುಗಿದರು. "ನಿನ್ನೆ ಪಿಸ್ತೂಲು ಪೂಜೆಗೆ ಇಡೋವಾಗ ಒರೆಸಿ ಒರೆಸಿ ಗುರಿ ಕೆಡಿಸಿದ್ದೀಯ. ನಾಳೆಯಿಂದ ಕೆಲಸಕ್ಕೆ ಬರಬೇಡ."

ಅಷ್ಟು ಜನರ ಮುಂದೆ ಅವಳ ಮುಖ ಬಾಡಿತು. ಆದರೂ ಮೆತ್ತಗೆ ಅಂದಳು, "ಒರೆಸಿದ್ದು ಹೌದು ಸಾವ್ಕಾರ್ರೇ. ಗುರಿ ನಿನ್ನೇನೇ ಕೆಟ್ಟಿದ್ದರೆ ಇವತ್ತು ಬೆಳಿಗ್ಗೆ ಹಂದಿ ಹೇಗೆ ಬಿತ್ತು? ಯಾವುದು ನಿಜ ಅಂತ ನೆಂಟರಿಗೆ ನೀವೇ ಹೇಳಿಬಿಡಿ."

ನೆಂಟರು ನಗು ಮರೆಸಲು ಮೀಸೆಗೆ ಕೈ ಅಡ್ಡ ಹಿಡಿದರು. ಸಾವ್ಕಾರ್ರು ನೆಲ ನೋಡುತ್ತಾ, "ಗಾಳಿ ಜೋರಿತ್ತು," ಅಂದರು.

ಅಂಗಳದಲ್ಲಿ ಒಂದೆಲೆಯೂ ಅಲುಗಾಡುತ್ತಿರಲಿಲ್ಲ.

"ಹೌದು ಸಾವ್ಕಾರ್ರೇ, ಬಹಳ ಗಾಳಿ. ನಾಳೆ ಎಷ್ಟು ಹೊತ್ತಿಗೆ ಬರಲಿ?"