ಏದುಸಿರು ತಿರುವಿನ ದಸ್ತಗೀರ್ ಸಾಬರು

ಸರಿದು ಕೂತ್ಕೊಳ್ಳಿ, ಬಸ್ಸು ಏದುಸಿರು ತಿರುವು ಮುಟ್ಟುವುದರೊಳಗೆ ಹೇಳಿ ಮುಗಿಸಬೇಕು. ಯಾವ ಕಾಲ ಅಂತ ಮಾತ್ರ ಕೇಳಬೇಡಿ, ನಮ್ಮಜ್ಜಿಗೂ ಅದು ಗೊತ್ತಿರಲಿಲ್ಲ. ಬೆಟ್ಟದ ಬುಡದಲ್ಲಿ ಸಂತೆಪೇಟೆ, ನೆತ್ತಿಯಲ್ಲಿ ನಮ್ಮ ಮೂಡ್ಲುಪಾಳ್ಯ, ನಡುವೆ ಬರೀ ಕಾಡು. ಆಗ ದಸ್ತಗೀರ್ ಸಾಬರು ಅಂತ ಒಬ್ಬರಿದ್ದರಂತೆ. ಮೊದಲು ಜಟಕಾ ಓಡಿಸುತ್ತಿದ್ದರಂತೆ. ಆಮೇಲೆ ಎಲ್ಲಿಂದಲೋ ಒಂದು ಹಳೇ ಲಾರಿ ತಂದು, ಬಡಗಿಯ ಕೈಲಿ ಅದಕ್ಕೆ ಮರದ ಮೈ ಕಟ್ಟಿಸಿ, ಹಲಗೆ ಸೀಟು ಹಾಕಿಸಿ, ಹಸಿರು ಬಣ್ಣ ಬಳಿಸಿದರಂತೆ. ಇದೇ ನೋಡಿ ದಸ್ತಗೀರ್ ಮೋಟಾರ್ ಸರ್ವಿಸ್‌ನ ಮೊದಲನೇ ಬಸ್ಸು. ನಗಬೇಡ ಕಣೋ, ನಿಮ್ಮ ಮುತ್ತಜ್ಜಿ ಅದರಲ್ಲೇ ಈ ಬೆಟ್ಟ ಹತ್ತಿದ್ದು.

ಬೆಳಿಗ್ಗೆ ಇಳಿಯುವುದು, ಸಾಯಂಕಾಲ ಹತ್ತುವುದು. ಉಪ್ಪು ತಂದದ್ದು ಆ ಬಸ್ಸು, ಸೀಮೆಎಣ್ಣೆ ತಂದದ್ದು ಆ ಬಸ್ಸು, ಬೆಟ್ಟಕ್ಕೆ ಸೊಸೆಯರನ್ನು ತಂದದ್ದೂ ಆ ಬಸ್ಸೇ. ಹೆರಿಗೆ ನೋವಿನ ಹೆಂಗಸು ಒಳಗಿದ್ದರೆ ಸಾಬರು ಯಾರು ಕೈ ಅಡ್ಡ ಹಿಡಿದರೂ ನಿಲ್ಲಿಸುತ್ತಿರಲಿಲ್ಲವಂತೆ. ಹುಲಿ ದಾರಿಗಡ್ಡ ಮಲಗಿದ್ದರೆ ಹಾರನ್ ಹೊಡೆಯದೆ ಬೀಡಿ ಹಚ್ಚಿ ಕಾಯುತ್ತಿದ್ದರಂತೆ, ಹುಲಿಯೇ ನಾಚಿಕೊಂಡು ಎದ್ದು ಹೋಗುತ್ತಿತ್ತಂತೆ. ನಾನಂತೂ ನಂಬುತ್ತೇನೆ. ನೀವು ಬೇಕಾದರೆ ಬಿಡಿ.

ಆದರೆ ಏದುಸಿರು ತಿರುವಿದೆಯಲ್ಲ, ಅದೊಂದು ಕಡೆ ಮಾತ್ರ ಆ ಬಸ್ಸಿಗೆ ಉಸಿರು ಸಾಲದು. ತಿರುವಿನ ಬುಡದಲ್ಲಿ ಎಲ್ಲರೂ ಇಳಿಯಬೇಕು, ಬರಿ ಬಸ್ಸು ಮುಂದೆ, ಜನ ಹಿಂದೆ. ಒಬ್ಬ ದಪ್ಪ ಮರದ ತುಂಡು ಹಿಡಿದು ಚಕ್ರದ ಹಿಂದೆಯೇ ನಡೆಯಬೇಕು, ಬಸ್ಸು ಹಿಂದಕ್ಕೆ ಜಾರಿದರೆ ಅಡ್ಡ ಕೊಡಬೇಕು. ಮೇಲೆ ಹೋದ ಮೇಲೆ ಎಲ್ಲರೂ ಹತ್ತುವುದು. ಆ ಹೊತ್ತಿಗೆ ಕತ್ತಲಾಗುತ್ತಿರುತ್ತದೆ, ಮಂಜು ಇಳಿಯುತ್ತಿರುತ್ತದೆ. ಮತ್ತೆ ಆ ತಿರುವಲ್ಲಿ ಒಂದು ಇತ್ತು. ಕೆಲವರು ಹುಲಿ ಅಂತಾರೆ, ಕೆಲವರು ಪೀಡೆ ಅಂತಾರೆ. ನಮ್ಮಜ್ಜಿ ಬರೀ ‘ಅದು’ ಅನ್ನುತ್ತಿದ್ದಳು.

ಬೆಟ್ಟದವರದು ಒಂದು ಕಟ್ಟು. ಹೊತ್ತು ಮುಳುಗಿದ ಮೇಲೆ ಕಾಡಿನಲ್ಲಿ ಯಾರ ಹೆಸರನ್ನೂ ಕೂಗಬಾರದು. ಕೂಗಿದರೆ ಹೆಸರು ಅದಕ್ಕೆ ಸಿಕ್ಕಿಬಿಡುತ್ತದೆ, ಆಮೇಲೆ ಆ ಹೆಸರು ಹಿಡಿದು ಅದೇ ಕರೆಯುತ್ತದೆ. ಎರಡು ಸಲ ಕರೆಯುತ್ತದಂತೆ. ಮೂರನೇ ಸಲ ಕರೆಯಲು ಅದಕ್ಕಾಗುವುದಿಲ್ಲ. ಮೂರು ಸಲ ಕೂಗಿದರೆ ಮನುಷ್ಯರು, ಎರಡಕ್ಕೇ ನಿಂತರೆ ಅದು. ಹಾಗಾಗಿ ತಿರುವಿನ ಮೇಲೆ ಯಾರೂ ಯಾರ ಹೆಸರನ್ನೂ ಕೂಗುತ್ತಿರಲಿಲ್ಲ. ಎಲ್ಲಾ ಬಂದ್ರಾ ಅಂತ ಸಾಬರು ಕೇಳುವುದು, ಬಂದೋ ಅಂತ ಒಳಗಿನವರು ಅನ್ನುವುದು, ಹೊರಡುವುದು.

ಒಂದು ಸಾಯಂಕಾಲ ಹಾಗೆಯೇ ಬಂದೋ ಅಂದರು, ಬಸ್ಸು ಹೊರಟಿತು. ಊರು ಮುಟ್ಟಿದ ಮೇಲೆ ನೋಡುತ್ತಾರೆ, ಮರದ ತುಂಡು ಅದರ ಜಾಗದಲ್ಲಿಲ್ಲ. ಅವತ್ತು ಅದನ್ನು ಹಿಡಿದಿದ್ದವನು ಜಡೆಯ, ಸೀಗೆಕಾಯಿ ಮಾರುವವನು. ಎಲ್ಲರನ್ನೂ ಕಾಯುತ್ತಾ ಹಿಂದೆ ಬಂದವನನ್ನೇ ಬಿಟ್ಟು ಬಂದಿದ್ದರು. ಸಾಬರು ಬಸ್ಸು ತಿರುಗಿಸಿಕೊಂಡು ಓಡಿದರಂತೆ. ತಿರುವಿನಲ್ಲಿ ಮರದ ತುಂಡು ಬಿದ್ದಿತ್ತು. ಜಡೆಯ ಇರಲಿಲ್ಲ. ಸಾಬರು ಆ ತುಂಡನ್ನು ತಬ್ಬಿಕೊಂಡು ಅತ್ತರಂತೆ.

ಮಾರನೇ ದಿನದಿಂದ ಸಾಬರು ಹೊಸ ಕಟ್ಟು ಮಾಡಿದರು. ನಿಮ್ಮ ಹೆಸರು ಕಾಡಿಗೆ ಕೊಡಬೇಡಿ, ನನ್ನದು ಕೊಡುತ್ತೇನೆ ಅಂದರಂತೆ. ಸಂತೆಪೇಟೆಯಲ್ಲಿ ಎಷ್ಟು ಜನ ಹತ್ತಿದ್ದರೋ ಅಷ್ಟು ಸಲ ತಮ್ಮ ಹೆಸರನ್ನೇ ಕೂಗುವರು. ‘ದಸ್ತಗೀರಾ?’ ಅಂದಾಗ ಒಬ್ಬರು ‘ಇವ್ನಿ’ ಅನ್ನಬೇಕು. ಇವ್ನಿ ಅಂದರೆ ಇದ್ದೇನೆ ಅಂತ, ಪೇಟೆ ಮಕ್ಕಳಿಗೆ ಇದನ್ನೂ ಬಿಡಿಸಿ ಹೇಳಬೇಕು ನೋಡಿ. ಮತ್ತೆ ‘ದಸ್ತಗೀರಾ?’, ಇನ್ನೊಬ್ಬರು ‘ಇವ್ನಿ’. ಗಂಡಸು, ಹೆಂಗಸು, ಕೂಸು, ಆ ತಿರುವಲ್ಲಿ ಎಲ್ಲರೂ ದಸ್ತಗೀರರೇ. ಕಾಡಿಗೆ ಒಂದೇ ಹೆಸರು ಗೊತ್ತಾಯಿತು. ಸಾಬರ ಹೆಂಡತಿ ಇದನ್ನು ಕೇಳಿ ಅನ್ನ ಬಿಟ್ಟಳಂತೆ.

ಹೀಗೆ ಎಷ್ಟೋ ಕಾಲ ನಡೆಯಿತು, ಯಾರೂ ಹಿಂದೆ ಉಳಿಯಲಿಲ್ಲ. ಆಮೇಲೆ ಒಂದು ಮದುವೆ ದಿಬ್ಬಣ ಬಂತು. ಮದುಮಗಳು ದೇವೀರಿ, ಬಯಲಿನ ಹುಡುಗಿ, ಕಾಡು ಕಂಡವಳಲ್ಲ. ತಿರುವು ಹತ್ತುವಾಗ ಅವಳ ಕಾಲುಂಗುರ ಜಾರಿತು. ಹೊಸದಾಗಿ ತೊಡಿಸಿದ ಕಾಲುಂಗುರ ಕಳೆದರೆ ಅಪಶಕುನ ಅಂತಾರಲ್ಲ, ಯಾರಿಗೂ ಹೇಳಲು ಹೆದರಿ, ಬಗ್ಗಿ ಹುಡುಕುತ್ತಾ ಹಿಂದೆ ಉಳಿದಳು. ಮೇಲೆ ಬಸ್ಸಿನಲ್ಲಿ ಹೆಸರು ಕೂಗಿದರು. ಅವಳತ್ತೆ ಇದ್ದಳಲ್ಲ, ಮನೆತನದ ಹೆಂಗಸು! ಹೊಸ ಹೆಣ್ಣು ಹಿರಿಯರ ಮುಂದೆ ದನಿ ಎತ್ತಬಾರದು ಅಂತ ತಾನೇ ಎರಡು ಸಲ ‘ಇವ್ನಿ’ ಅಂದುಬಿಟ್ಟಳು. ಸೊಸೆ ಹಿಂದಿನ ಹಲಗೆ ಮೇಲೆ ಕೂತಿದ್ದಾಳೆ ಅಂತ ಅವಳ ನಂಬಿಕೆ.

ಬಸ್ಸು ಇನ್ನೇನು ಹೊರಡಬೇಕು, ಕೆಳಗಿನ ಮಂಜಿನಿಂದ ಕೂಗು ಬಂತು.

ದಸ್ತಗೀರಾ...

ಬಸ್ಸಿನೊಳಗೆ ಕೂಸುಗಳ ಬಾಯಿ ಮುಚ್ಚಿದರು. ಸಾಬರು ಇಂಜಿನ್ ನಿಲ್ಲಿಸಿದರು. ಮತ್ತೆ ಬಂತು, ಇನ್ನೂ ಸಣ್ಣಗೆ.

ದಸ್ತಗೀರಾ...

ಅತ್ತೆ ಹಿಂದಕ್ಕೆ ಕೈ ಚಾಚಿ ತಡವಿದಳು. ಹಲಗೆ ಖಾಲಿ.

“ಅವಳ್ದೂ ನಾನೇ ಅಂದ್ನಲ್ಲಪ್ಪಾ!” ಅಂತ ಎದೆ ಬಡಿದುಕೊಂಡಳು. ಮದುಮಗ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ, ಇನ್ನೊಂದು ಕಾಲು ಬರಲೇ ಇಲ್ಲ. ಅವನನ್ನು ಬಯ್ಯಬೇಡಿ, ನಾವಾಗಿದ್ದರೂ ಅಷ್ಟೇ. ಎಲ್ಲರೂ ಸಾಬರ ಕೈ ಹಿಡಿದುಕೊಂಡರು. ಅದು ಹುಡುಗಿಯನ್ನು ಮುಗಿಸಿ ಅವಳ ದನಿಯಲ್ಲೇ ಕರೆಯುತ್ತಿರಬಹುದು, ಮೂರನೇ ಕೂಗು ಬರಲಿ, ಆಮೇಲೆ ನೋಡೋಣ ಅಂದರು.

ಸಾಬರು ಒಂದೇ ಮಾತು ಅಂದರಂತೆ: “ಜಡೆಯಂಗೆ ಮೂರನೇ ಸಲ ಕೂಗಕ್ಕೆ ಉಸುರಿತ್ತೋ ಇಲ್ವೋ, ಯಾರು ಕಂಡೋರು?”

ಲಾಟೀನು ಒಂದು ಕೈಲಿ, ಮರದ ತುಂಡು ಇನ್ನೊಂದು ಕೈಲಿ. ಇಳಿದು ಹೋದರು. ಬೆಳಕು ಮಂಜಿನಲ್ಲಿ ಸ್ವಲ್ಪ ಹೊತ್ತು ಕಂಡಿತು, ಆಮೇಲೆ ಕಾಣಲಿಲ್ಲ. ಮೂರನೇ ಕೂಗು ಬರಲೇ ಇಲ್ಲ.

ಎಷ್ಟೋ ಹೊತ್ತಾದ ಮೇಲೆ ಕೆಳಗಿನಿಂದ ಸಾಬರ ದನಿ ಕೇಳಿತು. ತಮ್ಮ ಹೆಸರನ್ನೇ ತಾವು ಕೂಗುತ್ತಿದ್ದರು. ದಸ್ತಗೀರಾ. ಒಂದು ಹೆಜ್ಜೆ. ದಸ್ತಗೀರಾ. ಇನ್ನೊಂದು ಹೆಜ್ಜೆ. ಮಂಜಿನಿಂದ ದೇವೀರಿ ಹೊರಗೆ ಬಂದಳು, ಲಾಟೀನು ಅವಳ ಕೈಲಿತ್ತು. ಮುಂದೆ ನಡಿ ಮಗಳೇ, ಹಿಂದಕ್ಕೆ ನೋಡಬೇಡ, ನನ್ನ ಹೆಸರು ಕೇಳುತ್ತಿರುವ ತನಕ ಅದು ನನ್ನ ಕಡೆಗೇ ತಿರುಗಿರುತ್ತದೆ ಅಂತ ಹೇಳಿದ್ದರಂತೆ. ಅವಳು ಮೆಟ್ಟಿಲು ಹತ್ತುವಾಗಲೂ ಹಿಂದೆ ದನಿ ಇತ್ತು. ಅವಳು ಕೂತಳು. ಇನ್ನೊಂದು ಸಲ ಕೇಳಿತು. ಆಮೇಲೆ ಕೇಳಲಿಲ್ಲ.

ಬಸ್ಸಿನಲ್ಲಿದ್ದವರೆಲ್ಲ ಬೆಳಗಾಗುವ ತನಕ ಸರದಿಯ ಮೇಲೆ ದಸ್ತಗೀರಾ, ದಸ್ತಗೀರಾ ಅಂತ ಕೂಗಿದರಂತೆ. ಗಂಟಲು ಕಟ್ಟಿತು, ಉತ್ತರ ಬರಲಿಲ್ಲ. ಬೆಳಕಾದ ಮೇಲೆ ಇಳಿದು ನೋಡಿದರೆ ರಸ್ತೆ ನಡುವೆ ಮರದ ತುಂಡು ನೆಟ್ಟಗೆ ಇಟ್ಟಿತ್ತು. ಅದರ ಮೇಲೆ ದೇವೀರಿಯ ಕಾಲುಂಗುರ ಇತ್ತು. ಪಾಪ, ಆ ಕತ್ತಲಲ್ಲೂ ಅದನ್ನು ಹುಡುಕಿದ್ದರು.

ಈಗೇನು, ಟಾರು ರಸ್ತೆ, ಒಳ್ಳೇ ಇಂಜಿನ್ನು. ದಸ್ತಗೀರ್ ಸರ್ವಿಸ್‌ನ ಬಸ್ಸುಗಳು ಸುತ್ತಲ ಎಲ್ಲಾ ಪೇಟೆಗೂ ಓಡುತ್ತವೆ. ಯಾರೂ ಇಳಿಯಬೇಕಾಗಿಲ್ಲ. ಆದರೂ ಈ ತಿರುವಿನ ಮೇಲೆ ಡ್ರೈವರು ಬಸ್ಸು ನಿಲ್ಲಿಸಿ ಆ ಹೆಸರು ಕೂಗುತ್ತಾನೆ. ಎಲ್ಲರೂ ‘ಇವ್ನಿ’ ಅಂದ ಮೇಲೂ ಹೊರಡುವುದಿಲ್ಲ. ಹಿಂದಿನಿಂದ ಇನ್ನೊಂದು ‘ಇವ್ನಿ’ ಬರಬಹುದು ಅಂತ ಸ್ವಲ್ಪ ಹೊತ್ತು ಕಾಯುತ್ತಾನೆ. ಬಂದದ್ದನ್ನು ಕೇಳಿದವರಿದ್ದಾರೆ ಅಂತಾರೆ. ನಾನು ಕೇಳಿಲ್ಲ. ಕೇಳಬೇಕು ಅಂತ ಆಸೆ, ಕೇಳಿಬಿಟ್ಟರೆ ಅಂತ ಭಯ.

ಇಗೋ, ನಿಲ್ಲಿಸಿದ. ಎಲ್ಲರೂ ಸುಮ್ಮನಿರಿ, ಮದುವೆಯಾಗಿ ಹೊಸದಾಗಿ ಬಂದವಳು ಮೊದಲು ‘ಇವ್ನಿ’ ಅಂತ ಕೂಗಬೇಕು. ಏ ಹುಡುಗಿ, ನಿನಗೇ ಹೇಳಿದ್ದು, ಬಾಯಿಂದ ಸೆರಗು ತೆಗಿ. ನಿಮ್ಮತ್ತೆ ಕಡೆ ಏನು ನೋಡುತ್ತೀ, ಅವಳು ಬಾಯಿ ಮುಚ್ಚಿಕೊಂಡಿರುತ್ತಾಳೆ. ಗಟ್ಟಿಯಾಗಿ ಕೂಗು ತಾಯೀ, ಸಾಬರಿಗೆ ಕೇಳಬೇಕು.